ಒಂದೇ ದಪ್ಪದ ಗೆರೆ

ಗದ್ವಾಲ
2 ಜೂನ್ 2024

ಗೆಳೆಯ ಖಂಡಪ್ಪನಿಗೆ,

ಅಕ್ಷರ ನೋಡಿ ಗುರುತು ಸಿಗದಿದ್ದರೆ ಕೆಳಗಿನ ಸಹಿ ನೋಡು. ಮಕ್ತಲದ ಹೈಸ್ಕೂಲಿನಲ್ಲಿ ನಿನ್ನ ಪಕ್ಕ ಕೂತು, ಭೂಗೋಳದ ನಕ್ಷೆಗಳನ್ನೆಲ್ಲ ನಿನ್ನ ಕೈಯಿಂದ ಬರೆಸಿಕೊಂಡು ಪಾಸಾದವನು ನಾನೇ. ಮೂವತ್ತು ವರ್ಷ ಆಯಿತಲ್ಲೋ! ಎರಡು ಸಲ ಫೋನ್ ಮಾಡಿದ್ದೆ. ನಿನ್ನ ಹೆಂಡತಿ ಇರಬೇಕು, "ಅವ್ರಿಗೆ ಕಿವಿ ಕೇಳ್ಸಂಗಿಲ್ರಿ, ಏನಿದ್ರೂ ಕಾಗದ ಬರೀರಿ" ಅಂದರು. ಅದಕ್ಕೇ ಇಷ್ಟು ವರ್ಷದ ಮೇಲೆ ಕಾಗದ ಹಿಡಿದಿದ್ದೇನೆ.

ಸೀರೆ ಅಂಗಡಿ ಚೆನ್ನಾಗಿ ನಡೆದಿದೆ. ಒಬ್ಬಳೇ ಮಗಳು, ಕರುಣಾ. ಒಂಬತ್ತನೆಯ ತರಗತಿ ಮುಗಿಸಿದ್ದಾಳೆ. ಅವಳಿಗೆ ಚಿತ್ರದ ಹುಚ್ಚು. ಬಿಲ್ ಪುಸ್ತಕದ ಹಿಂದೆ, ಸೀರೆ ಡಬ್ಬಿಯ ಮುಚ್ಚಳದ ಮೇಲೆ, ಎಲ್ಲಿ ಬಿಳಿ ಕಂಡರೆ ಅಲ್ಲಿ ಬರೆಯುತ್ತಾಳೆ. ನನ್ನ ತಾಯಿ ಸುಗುಣಮ್ಮ ಮಗ್ಗದ ಮುಂದೆ ಕೂತು ಹರಿದ ಎಳೆ ಕಟ್ಟುವುದನ್ನು ಮೊನ್ನೆ ಪೆನ್ಸಿಲಿನಲ್ಲಿ ಬರೆದಳು. ಅಮ್ಮ ಅದನ್ನು ನೋಡಿ, "ನಾ ಇಷ್ಟು ಮುದುಕಿ ಆಗೀನೇನಪ್ಪಾ?" ಎಂದು ಅತ್ತೇ ಬಿಟ್ಟಳು.

ಈಗ ಅವಳಿಗೆ ಚಿತ್ರ ಬರೆಯಲು ಟ್ಯಾಬ್ ಬೇಕಂತೆ, ಅದರ ಪೆನ್ನು ಬೇಕಂತೆ. ಕರ್ನೂಲಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಎರಡು ಪೆಟ್ಟಿಗೆ ಇಟ್ಟ. ಒಂದು ಚಿಕ್ಕದು, ಪೆನ್ನು ಜೊತೆಗೇ ಬರುತ್ತದೆ. ಇನ್ನೊಂದರ ಗಾಜು ಊಟದ ತಟ್ಟೆಯಷ್ಟು ದೊಡ್ಡದು. ಪೆನ್ನು ಬೇರೆ ಕೊಳ್ಳಬೇಕು, ಅದಕ್ಕೆ ರಬ್ಬರಿನ ಮೊನೆ. ಪೆಟ್ಟಿಗೆ ಬಿಚ್ಚಿ ತೋರಿಸುವುದಿಲ್ಲವಂತೆ. "ರೆಂಡೂ ಮಂಚಿವೇ ಸಾರ್" ಅಂದ. ಎರಡೂ ಒಳ್ಳೆಯವೇ ಆದರೆ ನಾನು ಆರಿಸುವುದು ಹೇಗೆ? ದುಡ್ಡಿನ ಮಾತಿಲ್ಲ. ತಪ್ಪು ವಸ್ತು ಕೊಡಿಸಬಾರದು, ಅಷ್ಟೆ. ಬರಿಗೈಯಲ್ಲಿ ವಾಪಸು ಬಂದೆವು. 

ಆಗ ನೆನಪಾದವನು ನೀನು. ನೀನು ಹೇಳಿದ್ದನ್ನು ಕೊಡಿಸುತ್ತೇನೆ. ನಿನಗೂ ಹೈದರಾಬಾದಿನ ಚಿತ್ರಕಲಾ ಕಾಲೇಜು ಸೇರುವ ಆಸೆ ಇತ್ತಲ್ಲ, ಯಾವುದೋ ಕಾಗದ ಸಮಯಕ್ಕೆ ಮುಟ್ಟಲಿಲ್ಲವೆಂದು ನೆನಪು. ಹೋಗಲಿ, ಡ್ರಾಯಿಂಗ್ ಮಾಸ್ತರ ಆದೆಯಲ್ಲ, ಅದೇನು ಕಡಿಮೆಯೇ?

ನಿನ್ನ
ಭಾನುಪ್ರಕಾಶ


ನಾರಾಯಣಪೇಟೆ
7 ಜೂನ್ 2024

ಮಕ್ತಲದ ಖಂಡಪ್ಪ ಮಾವನವರಿಗೆ ಶೇಖರನ ನಮಸ್ಕಾರಗಳು.

ಎರಡು ಟ್ಯಾಬಿನಲ್ಲಿ ಯಾವುದೆಂದು ಕೇಳಿ ನೀವು ಬಸ್ಸಿನಲ್ಲಿ ಕೊಟ್ಟುಕಳಿಸಿದ ಚೀಟಿ ಮುಟ್ಟಿತು. ನಾನು ಇಲ್ಲಿ ಸೀರೆಯಂಚಿನ ಡಿಸೈನ್ ಬರೆಯುವುದು ಇಂಥ ಟ್ಯಾಬಿನ ಮೇಲೆಯೇ, ಆದ್ದರಿಂದ ಧೈರ್ಯವಾಗಿ ಹೇಳಬಲ್ಲೆ.

ಆ ಹುಡುಗಿಗೆ ಚಿಕ್ಕದೇ ಸರಿ. ಜೊತೆಗೆ ಬರುವ ಪೆನ್ನಿಗೆ ಕೈಯ ಒತ್ತು ತಿಳಿಯುತ್ತದೆ. ಒತ್ತಿದರೆ ಗೆರೆ ದಪ್ಪ, ಹಗುರ ಬಿಟ್ಟರೆ ಕೂದಲೆಳೆಯಷ್ಟು ಸಣ್ಣ. ಅಂಗೈಯನ್ನು ಗಾಜಿನ ಮೇಲೆ ಊರಿದರೂ ಅದು ಪೆನ್ನಿನ ಮಾತು ಮಾತ್ರ ಕೇಳುತ್ತದೆ. ರಬ್ಬರ್ ಮೊನೆಯದು ಬೆರಳಿದ್ದ ಹಾಗೆ, ಅಷ್ಟೇ. ಎಷ್ಟೇ ಒತ್ತಲಿ, ಒಂದೇ ದಪ್ಪದ ಗೆರೆ. ಅಂಗೈ ತಗುಲಿದ ಕಡೆಯೆಲ್ಲ ಕಲೆ ಬೀಳುತ್ತದೆ. ಗಾಜು ದೊಡ್ಡದೆಂದು ಮೋಸ ಹೋಗಬಾರದು. ಒಳ್ಳೆಯ ಕೈಯಿದ್ದ ಮಕ್ಕಳಿಗೆ ರಬ್ಬರ್ ಮೊನೆ ಕೊಟ್ಟರೆ ತಿಂಗಳೊಪ್ಪತ್ತಿನಲ್ಲಿ ಬೇಸತ್ತು ಬಿಡುತ್ತಾರೆ. ಇದನ್ನು ಅವಳ ಅಪ್ಪನಿಗೆ ಒತ್ತಿ ಹೇಳಿರಿ.

ಯಾರ ಮಗಳು ಮಾವ? ನಮ್ಮ ಕಡೆಯವರೇ?

ನಿಮ್ಮ ಅಳಿಯ
ಶೇಖರ್


ಮಕ್ತಲ
12 ಜೂನ್ 2024

ಭಾನುಪ್ರಕಾಶ ಅವರಿಗೆ ವಂದನೆಗಳು.

ನಿಮ್ಮ ಪತ್ರ ಬಂತು. ಅಕ್ಷರದ ಗುರುತು ಸಿಕ್ಕಿತು.

ಮೂರು ವರ್ಷದ ಹಿಂದೆ ನನ್ನ ಎರಡೂ ಕಿವಿ ಹೋದವು. ಮಕ್ಕಳ ಮಾತು ಕೇಳಿಸದ ಮಾಸ್ತರ ಬೇಡವೆಂದು ಶಾಲೆಯವರು ಬಿಡಿಸಿದರು. ಈಗ ಬೀರಪ್ಪನ ಗುಡಿಗಳಿಗೆ ಗೋಡೆಚಿತ್ರ ಬರೆಯುತ್ತೇನೆ, ಅಂಗಡಿಗಳಿಗೆ ಬೋರ್ಡು ಬರೆಯುತ್ತೇನೆ. ನೀವು ಅಂದ ಹಾಗೆ, ಕಡಿಮೆಯೇನಿಲ್ಲ.

ದೊಡ್ಡ ಗಾಜಿನದನ್ನೇ ಕೊಡಿಸಿರಿ. ರಬ್ಬರ್ ಮೊನೆಯ ಪೆನ್ನೇ ಇರಲಿ. ಇನ್ನೊಂದು ಜಾತಿಯ ಪೆನ್ನು, ಒತ್ತಿದ ಹಾಗೆ ಗೆರೆಯನ್ನು ತಾನೇ ದಪ್ಪ ಮಾಡಿಕೊಡುವುದು, ಕಲಿಯುವ ಮಕ್ಕಳ ಕೈ ಕೆಡಿಸುತ್ತದೆ. ಯಂತ್ರದ ಚಮತ್ಕಾರವನ್ನು ಮಗು ತನ್ನ ಕಲೆಯೆಂದು ನಂಬುತ್ತದೆ. ನಿಮ್ಮ ಮಗಳು ಹಾಗಾಗುವುದು ಬೇಡ.

ಪ್ರತಿ ತಿಂಗಳು ಮೂರು ಚಿತ್ರಗಳ ಪ್ರಿಂಟ್ ತೆಗೆಸಿ ಅಂಚೆಯಲ್ಲಿ ಕಳಿಸಲಿ. ಕೆಂಪು ಪೆನ್ಸಿಲಿನಲ್ಲಿ ತಿದ್ದಿ ಕಳಿಸುತ್ತೇನೆ. ಸಂಭಾವನೆ ಬೇಡ. ಒಂದೇ ಕರಾರು: ಫೋನಿನಲ್ಲಿ ಅವರಿವರ ವೀಡಿಯೋ ನೋಡಿ ಕಲಿಯಬಾರದು. ಇಬ್ಬರ ಮಾತು ಕೇಳುವವರನ್ನು ನಾನು ತಿದ್ದುವುದಿಲ್ಲ.

ಇತಿ
ಖಂಡಪ್ಪ


ಗದ್ವಾಲ
30 ಜೂನ್ 2024

ಖಂಡಪ್ಪ ಸರ್ ಅವರಿಗೆ ಕರುಣಾ ಮಾಡುವ ನಮಸ್ಕಾರಗಳು.

ಸರ್, ನನ್ನ ಕನ್ನಡದಲ್ಲಿ ತಪ್ಪಿದ್ದರೆ ಬೈಯಬೇಡಿ. ಶಾಲೆಯಲ್ಲಿ ತೆಲುಗು. ಕನ್ನಡ ಅಕ್ಷರ ಅಪ್ಪ ರಜೆಯಲ್ಲಿ ಕಲಿಸಿದ್ದು.

ಟ್ಯಾಬ್ ಬಂತು ಸರ್! ಎಷ್ಟು ದೊಡ್ಡದೆಂದರೆ ತೊಡೆಯ ಮೇಲೆ ಇಟ್ಟುಕೊಂಡರೆ ಮೊಣಕಾಲು ಕಾಣಿಸುವುದಿಲ್ಲ. ಮೊದಲ ದಿನ ಊಟಕ್ಕೆ ಏಳಲಿಲ್ಲವೆಂದು ಅಮ್ಮ ಬೈದರು. ಅಪ್ಪ ಮಾತ್ರ, "ಇರ್ಲಿ ಬಿಡು, ಖಂಡಪ್ಪ ಹೇಳಿ ಕೊಡ್ಸಿದ್ದು ಅದು" ಅಂದರು. ನಿಮ್ಮ ಬಗ್ಗೆ ಅಪ್ಪ ತುಂಬ ಹೇಳುತ್ತಾರೆ. ನೀವು ಹುಣಸೆಮರ ಬರೆದರೆ ಬಾಯಲ್ಲಿ ನೀರು ಬರುತ್ತಿತ್ತಂತೆ.

ಮೂರು ಪ್ರಿಂಟ್ ಇಟ್ಟಿದ್ದೇನೆ. ಒಂದು ನಮ್ಮಜ್ಜಿ. ಒಂದು, ಅಂಗಡಿಯಲ್ಲಿ ಇಬ್ಬರು ಹೆಂಗಸರು ಸೀರೆಯ ಎರಡು ತುದಿ ಹಿಡಿದು ಮಡಿಸುವುದು. ಇನ್ನೊಂದು ಇಟಿಕ್ಯಾಲದ ನಮ್ಮ ಚಿಕ್ಕಪ್ಪನ ಹೊಲದಲ್ಲಿ ಆಡು ನಿಂತದ್ದು. ಆಡಿನದು ಮುಖ ಸರಿ ಬಂದಿಲ್ಲ, ಅದು ನಿಲ್ಲಲೇ ಇಲ್ಲ.

ಒಂದು ಮಾತು ಕೇಳಲೇ? ಎಷ್ಟು ಒತ್ತಿದರೂ ಗೆರೆ ಒಂದೇ ತರಹ ಬರುತ್ತದೆ. ಅಜ್ಜಿಯ ಕೆನ್ನೆಯ ಸುಕ್ಕೂ ಮಗ್ಗದ ಮರವೂ ಒಂದೇ ದಪ್ಪ. ಕೈ ಊರಿದರೆ ಚುಕ್ಕೆ ಬೀಳುತ್ತದೆ. ಪೆನ್ನಿನ ತಪ್ಪೋ ನನ್ನ ತಪ್ಪೋ ಗೊತ್ತಾಗುತ್ತಿಲ್ಲ. ನನ್ನದೇ ಇರಬೇಕು. ಹೇಗೆ ಸರಿಮಾಡಿಕೊಳ್ಳಲಿ, ಹೇಳಿಕೊಡಿ.

ನಿಮ್ಮ ವಿದ್ಯಾರ್ಥಿನಿ
ಕರುಣಾ


ಮಕ್ತಲ
8 ಜುಲೈ 2024

ಕರುಣಾಳಿಗೆ ಆಶೀರ್ವಾದ.

ತಪ್ಪು ನಿನ್ನದೇ ಎಂದು ನೀನೇ ಕಂಡುಕೊಂಡದ್ದು ಒಳ್ಳೆಯದಾಯಿತು. ಪೆನ್ನು ಏನು ಮಾಡೀತು? ಕೈಯಲ್ಲಿ ಇದ್ದದ್ದು ಗೆರೆಯಲ್ಲಿ ಬರುತ್ತದೆ.

ಮೂರನ್ನೂ ತಿದ್ದಿ ಕಳಿಸಿದ್ದೇನೆ. ಕೆಂಪು ಹೆಚ್ಚಾಯಿತೆಂದು ಅಳಬೇಡ. ಅಜ್ಜಿಯ ಚಿತ್ರದಲ್ಲಿ ಸುಕ್ಕುಗಳಿವೆ, ವಯಸ್ಸಿಲ್ಲ. ಸೀರೆ ಮಡಿಸುವ ಹೆಂಗಸರ ಕೈಯಲ್ಲಿ ಸೀರೆಗೆ ತೂಕವಿಲ್ಲ. ಆಡಿನ ಬಗ್ಗೆ ಬರೆಯುವಂಥದ್ದೇನಿಲ್ಲ.

ನಾಳೆಯಿಂದ ಅಂಗೈ ಊರಬಾರದು. ಮಣಿಕಟ್ಟು ಗಾಜಿನಿಂದ ಮೇಲೆ ಇರಬೇಕು. ದಿನಕ್ಕೆ ಇನ್ನೂರು ಗೆರೆ ಎಳೆ. ಬರೀ ಗೆರೆ, ಚಿತ್ರವಲ್ಲ. ತಿಂಗಳಿನ ಮೂರು ಚಿತ್ರ ಬಿಟ್ಟರೆ, ಗೆರೆಗೆ ಜೀವ ಬರುವವರೆಗೂ ಇದನ್ನೇ ಮಾಡು.

ಖಂಡಪ್ಪ


ಗದ್ವಾಲ
25 ಆಗಸ್ಟ್ 2024

ಸರ್ ಅವರಿಗೆ ನಮಸ್ಕಾರಗಳು.

ಕಾಗದ ತಡವಾಯಿತು, ಕ್ಷಮಿಸಿ. ಮಣಿಕಟ್ಟು ಬಾತಿತ್ತು. ಡಾಕ್ಟರು ಪಟ್ಟಿ ಕಟ್ಟಿ ಹದಿನೈದು ದಿನ ಬರೆಯಬೇಡ ಅಂದರು. ನಾನು ಐದು ದಿನ ಮಾತ್ರ ಬಿಟ್ಟೆ. ಇನ್ನೂರು ಗೆರೆ ದಿನಾ ಎಳೆಯುತ್ತಿದ್ದೇನೆ. ಜೀವ ಬಂದಿದೆಯೋ ಇಲ್ಲವೋ ನನಗೆ ತಿಳಿಯುತ್ತಿಲ್ಲ, ನೀವೇ ನೋಡಬೇಕು.

ಸರ್, ಒಂದು ತಪ್ಪು ಮಾಡಿದ್ದೇನೆ. ಗೆಳತಿಯ ಫೋನಿನಲ್ಲಿ ಒಂದೇ ಒಂದು ವೀಡಿಯೋ ನೋಡಿದೆ. ಅದರಲ್ಲಿ ಒಬ್ಬರು ಪೆನ್ನು ಒತ್ತಿದಾಗ ಗೆರೆ ಹಿಗ್ಗಿತು, ಎತ್ತಿದಾಗ ಸಣ್ಣಗಾಯಿತು, ಉಸಿರಾಡಿದ ಹಾಗೆ. ಅಂಥ ಪೆನ್ನು ನನಗೆ ಆಗುವುದಿಲ್ಲವೇ? ಅಪ್ಪನನ್ನು ಕೇಳಿದೆ. "ಮಾಸ್ತರ್ ಬ್ಯಾಡ ಅಂದಾರ ಅಂದ್ರ ಬ್ಯಾಡ" ಅಂದರು.

ಪೆನ್ಸಿಲಿನಲ್ಲಿ ಕಾಗದದ ಮೇಲೆ ಬರೆದರೆ ನನಗೆ ಸರಿಯಾಗಿ ಬರುತ್ತದೆ ಸರ್. ನಿಜವಾಗಿ. ಎರಡು ತಿಂಗಳಿನ ಪ್ರಿಂಟುಗಳ ಜೊತೆ ಪೆನ್ಸಿಲಿನಲ್ಲೇ ಬರೆದದ್ದೊಂದು ಇಟ್ಟಿದ್ದೇನೆ. ಅಜ್ಜಿ ನಿದ್ದೆ ಮಾಡುವುದು. ಇದರಲ್ಲಿ ವಯಸ್ಸು ಇದೆಯೇ?

ಕರುಣಾ


ಮಕ್ತಲ
6 ಸೆಪ್ಟೆಂಬರ್ 2024

ಕರುಣಾ,

ಕರಾರು ಮುರಿದೆ. ಹೇಳಿಕೊಂಡೆಯೆಂದು ಈ ಸಲ ಬಿಟ್ಟಿದ್ದೇನೆ.

ಆ ವೀಡಿಯೋದಲ್ಲಿ ಉಸಿರಾಡಿದ್ದು ಯಂತ್ರ, ಮನುಷ್ಯನಲ್ಲ. ಪೆನ್ಸಿಲು ಕೂಡ ಹಾಗೆಯೇ. ಸೀಸ ತಾನಾಗಿ ಮೆತ್ತಗಾಗಿ ನಿನ್ನನ್ನು ಹೊಗಳುತ್ತದೆ. ಪೆನ್ಸಿಲಿನಲ್ಲಿ ಬರುವುದು ಟ್ಯಾಬಿನಲ್ಲಿ ಬರುವುದಿಲ್ಲವೆಂದರೆ ಅದು ನಿನ್ನ ಕೈಯಲ್ಲಿ ಇಲ್ಲವೆಂದೇ ಅರ್ಥ. ಮನೆಯಲ್ಲಿರುವ ಪೆನ್ಸಿಲುಗಳನ್ನೆಲ್ಲ ಕಟ್ಟಿ ನಿನ್ನ ಅಮ್ಮನ ಕೈಗೆ ಕೊಡು.

ಅಜ್ಜಿ ಮಲಗಿದ ಚಿತ್ರ ನನ್ನ ಹತ್ತಿರ ಇರಲಿ. ತಿದ್ದುವ ಹಾಗಿಲ್ಲ.

ಖಂಡಪ್ಪ


ನಾರಾಯಣಪೇಟೆ
16 ಅಕ್ಟೋಬರ್ 2024

ಮಾವನವರಿಗೆ ನಮಸ್ಕಾರ.

ದಸರೆಗೆ ಬಂದಾಗ ಮಾತಾಡಲು ಆಗಲಿಲ್ಲ. ಸ್ಲೇಟಿನ ಮೇಲೆ ಬರೆದು ಕೇಳಿದೆ, ನೀವು ಅಳಿಸಿ ಒಳಗೆ ಹೋದಿರಿ. ಅದಕ್ಕೇ ಈ ಕಾಗದ.

ನಿಮ್ಮ ಕಪಾಟಿನಲ್ಲಿ ಒಬ್ಬ ಹುಡುಗಿಯ ಪ್ರಿಂಟುಗಳಿದ್ದವು, ತಿದ್ದಿ ಇನ್ನೂ ಕಳಿಸದಿದ್ದವು. ಅತ್ತೆ ತೋರಿಸಿದರು. ಜೂನಿನಲ್ಲಿ ಕೇಳಿದ್ದು ಇವಳಿಗಾಗಿಯೇ? ಅವು ರಬ್ಬರ್ ಮೊನೆಯಿಂದ ಬರೆದವು, ನನಗೆ ನೋಡಿದ ಕೂಡಲೇ ತಿಳಿಯಿತು. ನಾನು ಬೇಡವೆಂದದ್ದನ್ನೇ ಕೊಡಿಸಿದ್ದಾರೆ. ಅದರ ಮೇಲೆ ನೀವು "ಗೆರೆಗೆ ಜೀವವಿಲ್ಲ" ಎಂದು ಕೆಂಪಿನಲ್ಲಿ ಬರೆದಿದ್ದೀರಿ. ಆ ಪೆನ್ನಿನಲ್ಲಿ ಯಾರು ಬರೆದರೂ ಜೀವ ಬರುವುದಿಲ್ಲ ಮಾವ. ನಿಮಗೆ ಗೊತ್ತು.

ಅವಳ ವಿಳಾಸ ಕೊಡಿ. ನಾನೇ ಬರೆಯುತ್ತೇನೆ.

ಶೇಖರ್


ಮಕ್ತಲ
21 ಅಕ್ಟೋಬರ್ 2024

ಶೇಖರಾ,

ವಿಳಾಸ ಕೊಡುವುದಿಲ್ಲ. ಕೇಳಿದೆಯಾದ್ದರಿಂದ ಕಾರಣ ಹೇಳುತ್ತೇನೆ, ಮತ್ತೊಮ್ಮೆ ಕೇಳಬೇಡ.

1994ರಲ್ಲಿ ನನಗೆ ಹದಿನೆಂಟು. ಹೈದರಾಬಾದಿನ ಚಿತ್ರಕಲಾ ಕಾಲೇಜಿಗೆ ಅರ್ಜಿ ತುಂಬಿದ್ದೆ. ಹನ್ನೆರಡು ಚಿತ್ರ ಜೊತೆಗಿಡಬೇಕಿತ್ತು. ಆ ಹನ್ನೆರಡನ್ನು ಬರೆಯಲು ಒಂದು ವರ್ಷ ಹಿಡಿದಿತ್ತು, ಕುರಿ ಕಾಯುತ್ತ, ಕೃಷ್ಣಾ ನದಿಯ ದಂಡೆಯಲ್ಲಿ. ಕೊನೆಯ ದಿನಾಂಕಕ್ಕೆ ಮೂರು ದಿನ ಇದ್ದಾಗ ಜ್ವರ ಬಂದು ಮಲಗಿದೆ. ಭಾನುಪ್ರಕಾಶ ತನ್ನ ಅಪ್ಪನ ಜೊತೆ ಜರಿ ತರಲು ಹೈದರಾಬಾದಿಗೆ ಹೊರಟಿದ್ದ. ಅರ್ಜಿಯನ್ನೂ ಚಿತ್ರಗಳನ್ನೂ ಕಂಬಳಿಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟೆ. "ಕಾಲೇಜ್ ಆಫೀಸಿನ್ಯಾಗ ಕೊಟ್ಟು ಬಂದ್ರ ಸಾಕಲೇ" ಅಂದೆ.

ಎಂಟು ದಿನದ ಮೇಲೆ ಬಂದ. ಕಂಬಳಿಯ ಸುರುಳಿ ಹೆಗಲ ಮೇಲೆಯೇ ಇತ್ತು. ಕಟ್ಟಿದ ಹಗ್ಗ ಕೂಡ ಬಿಚ್ಚಿರಲಿಲ್ಲ. "ಲೇ ಖಂಡ್ಯಾ, ಮರ್ತೇ ಬಿಟ್ನಲೇ. ಸಿನಿಮಾಕ್ಕ ಹೋಗಿದ್ವಿ. ಮುಂದಿನ ವರ್ಷ ಹಾಕಿದ್ರಾತು ಬಿಡು" ಅಂದ. ಹಾಗಂದು ನಕ್ಕ. ನಗಬೇಡ ಅನ್ನಲೂ ನನಗೆ ಆಗಲಿಲ್ಲ, ನಾನೂ ನಕ್ಕೆ. ಮುಂದಿನ ವರ್ಷ ನನ್ನ ಅಪ್ಪ ಇರಲಿಲ್ಲ. ಕುರಿಗಳನ್ನು ಬಿಟ್ಟು ಹೋಗುವ ಹಾಗಿರಲಿಲ್ಲ.

ಈಗ ಅವನು ಬರೆದಿದ್ದಾನೆ: ಯಾವುದೋ ಕಾಗದ ಮುಟ್ಟಲಿಲ್ಲವಂತೆ. ಯಾವುದೋ.

ನೀನು ನಿನ್ನ ಸೀರೆಯಂಚು ನೋಡಿಕೋ.

ಖಂಡಪ್ಪ


ಗದ್ವಾಲ
1 ಡಿಸೆಂಬರ್ 2024

ಗೆಳೆಯಾ,

ನೀನು ಯಾಕೆ ನನಗೆ "ನೀವು" ಎಂದು ಬರೆಯುತ್ತೀ? ನಗು ಬರುತ್ತದೆ.

ಕರುಣಾಳದ್ದೇ ಮಾತು. ಈಚೆಗೆ ಅವಳು ಮಂಕಾಗಿದ್ದಾಳೆ. ನಿನ್ನ ಕಾಗದ ಬಂದ ದಿನ ಅಟ್ಟದ ಮೇಲೆ ಹೋಗಿ ಓದುತ್ತಾಳೆ, ಇಳಿದು ಬಂದಾಗ ಕಣ್ಣು ಕೆಂಪಗಿರುತ್ತದೆ. ಶಾಲೆಯ ಸ್ಪರ್ಧೆಗೆ ಹೆಸರು ಕೊಡು ಎಂದರೆ, "ಸರ್ ಇನ್ನಾ ಒಪ್ಪಿಲ್ಲಪ್ಪಾ" ಅಂದಳು. ಕಟ್ಟುನಿಟ್ಟಿನ ಗುರು ಸಿಕ್ಕರೆ ಹಾಗೆಯೇ ಎಂದು ಅವಳ ಅಮ್ಮನಿಗೆ ಸಮಾಧಾನ ಹೇಳಿದ್ದೇನೆ.

ಮಾರ್ಚಿಗೆ ಹತ್ತನೆಯ ಪರೀಕ್ಷೆ. ನನ್ನ ತಂಗಿ ವಾಣಿಶ್ರೀ ಹೈದರಾಬಾದಿನಲ್ಲಿದ್ದಾಳೆ. ಅವಳ ಮನೆಯಲ್ಲಿಟ್ಟು ಎರಡು ವರ್ಷದ ಇಂಟರ್ ಓದಿನ ಜೊತೆಗೆ ಚಿತ್ರಕಲೆಯ ತರಬೇತಿ ಕೊಡಿಸಿ, ಆಮೇಲೆ ನಿನಗೆ ಆಸೆಯಿದ್ದ ಆ ಕಾಲೇಜಿಗೇ ಕಳಿಸಬೇಕೆಂದು ನನ್ನ ಆಸೆ. ಇಲ್ಲವಾದರೆ ಮಹಬೂಬ್‌ನಗರದ ಹಾಸ್ಟೆಲಿಗೆ ಹಾಕಿ ಎಂಪಿಸಿ, ಅಂದರೆ ಗಣಿತ-ವಿಜ್ಞಾನ, ಓದಿಸುವುದು. ಎರಡರಲ್ಲಿ ಯಾವುದು? ಅವಳು ನಿನ್ನ ಮಾತಿಗೆ ಬಿಟ್ಟಿದ್ದಾಳೆ, ನಾನೂ ಅಷ್ಟೇ. ಆರು ತಿಂಗಳು ಅವಳ ಕೈ ನೋಡಿದ್ದೀ. ಅವಳಲ್ಲಿ ಅದು ಇದೆಯೋ ಇಲ್ಲವೋ? ಮುಲಾಜು ಬೇಡ, ಒಂದೇ ಮಾತು ಬರೆ.

ನಿನ್ನ
ಭಾನು


ಮಕ್ತಲ
9 ಡಿಸೆಂಬರ್ 2024

ಭಾನುಪ್ರಕಾಶ ಅವರಿಗೆ,

ಇಲ್ಲ.

ಖಂಡಪ್ಪ


ಗದ್ವಾಲ
15 ಜೂನ್ 2025

ಸರ್ ಅವರಿಗೆ ನಮಸ್ಕಾರಗಳು.

ಹತ್ತನೆಯದರಲ್ಲಿ ಒಳ್ಳೆಯ ಅಂಕ ಬಂತು. ನಾಳೆ ಹಾಸ್ಟೆಲಿಗೆ ಹೋಗುತ್ತೇನೆ. ಅದಕ್ಕೆ ಮೊದಲು ನಿಮಗೆ ಬರೆಯಬೇಕೆನಿಸಿತು.

ನೀವು ಅಪ್ಪನಿಗೆ ಬರೆದದ್ದನ್ನು ಅಪ್ಪ ನನಗೆ ತೋರಿಸಲಿಲ್ಲ. ಸೀರೆ ಡಬ್ಬಿಗಳ ಕೆಳಗೆ ಇಟ್ಟಿದ್ದರು, ನಾನೇ ಹುಡುಕಿ ನೋಡಿದೆ. ಮೊದಲು ತುಂಬ ಅಳು ಬಂತು. ಆಮೇಲೆ ಯೋಚಿಸಿದೆ: ಬೇರೆ ಯಾರಾದರೂ ಆಗಿದ್ದರೆ ಅಪ್ಪನ ಸ್ನೇಹಕ್ಕಾಗಿ ಸುಳ್ಳು ಹೇಳುತ್ತಿದ್ದರು. ನೀವು ಹೇಳಲಿಲ್ಲ. ಕಿವಿ ಕೇಳದೆಯೂ, ಒಂದು ಪೈಸೆ ತೆಗೆದುಕೊಳ್ಳದೆಯೂ ನನ್ನಂಥವಳ ಹದಿನೆಂಟು ಚಿತ್ರ ಕೂತು ತಿದ್ದಿದಿರಿ. ನಿಮ್ಮ ಸಮಯ ಹಾಳು ಮಾಡಿದೆ, ಕ್ಷಮಿಸಿ.

ಟ್ಯಾಬ್ ಅಂಗಡಿಗೆ ಕೊಟ್ಟಿದ್ದೇನೆ. ಗಾಜು ದೊಡ್ಡದಲ್ಲವೇ, ಗಿರಾಕಿಗಳಿಗೆ ಸೀರೆಯ ಫೋಟೋ ತೋರಿಸಲು ಅನುಕೂಲ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಕರುಣಾ


ಗದ್ವಾಲ
19 ಆಗಸ್ಟ್ 2025

ಖಂಡಪ್ಪಾ,

ನಿನ್ನ ಅಳಿಯ ಶೇಖರ್ ಮೊನ್ನೆ ಅಂಚಿನ ಡಿಸೈನ್ ತೋರಿಸಲು ನನ್ನ ಅಂಗಡಿಗೆ ಬಂದಿದ್ದ. ಅವನು ನಿನ್ನ ಅಳಿಯನೆಂದು ನನಗೆ ಗೊತ್ತಿರಲಿಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ನನ್ನಮ್ಮನ ಚಿತ್ರ ಕಟ್ಟು ಹಾಕಿಸಿ ಇಟ್ಟಿದ್ದೇನೆ, ಕರುಣಾ ಮೊದಲು ಪೆನ್ಸಿಲಿನಲ್ಲಿ ಬರೆದದ್ದು. ಅದನ್ನು ನೋಡಿ ನಿಂತುಬಿಟ್ಟ. ಪಕ್ಕದಲ್ಲಿ ಆ ದೊಡ್ಡ ಟ್ಯಾಬ್, ದಾರದಲ್ಲಿ ಕಟ್ಟಿದ ರಬ್ಬರ್ ಮೊನೆಯ ಪೆನ್ನು.

"ಇದು ಬರ್ದಾಕಿ ಮಕ್ತಲದ ಖಂಡಪ್ಪ ಮಾಸ್ತರ್ ಹಂತೇಲಿ ತಿದ್ದಿಸ್ತಿದ್ಲೇನ್ರೀ?" ಅಂದ.

ಹೌದೆಂದೆ, ನೀನು ಅವಳಲ್ಲಿ ಅದು ಇಲ್ಲವೆಂದು ಬರೆದದ್ದನ್ನೂ ಹೇಳಿದೆ. ಕರುಣಾ ಸ್ವಾತಂತ್ರ್ಯ ದಿನದ ರಜೆಗೆ ಬಂದಿದ್ದಳು. ಕರೆದು, ತನ್ನ ಟ್ಯಾಬೂ ಪೆನ್ನೂ ಅವಳ ಕೈಗೆ ಕೊಟ್ಟ. ಒಂದು ಗೆರೆ ಎಳೆದಳು, ಅದು ದಪ್ಪಗಾಗಿ ಸಣ್ಣಗಾಯಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು, ಏನೋ ಚುಚ್ಚಿದ ಹಾಗೆ. "ನಿನಗ ಕೈ ಇಲ್ಲ ಅಂದಾರಲ್ಲಮ್ಮಾ, ತಪ್ಪು ಪೆನ್ನಿಂದು ಅಂತ ಅವ್ರಿಗೆ ಗೊತ್ತಿತ್ತು. ನಾನು ಮೊದ್ಲೇ ಬರ್ದು ಹೇಳಿದ್ದೆ" ಅಂದ. ಆಮೇಲೆ ಎಲ್ಲ ಹೇಳಿದ. 1994ರದ್ದೂ.

ಒಂದು ಫಾರಂ, ಖಂಡ್ಯಾ. ಒಂದು ಫಾರಂ! ನನಗೆ ಆ ಸಿನಿಮಾ ಯಾವುದೆಂದು ಕೂಡ ನೆನಪಿಲ್ಲ. ಹದಿನೆಂಟರ ಹುಡುಗ ಮರೆತ. ನೀನು ಐವತ್ತರ ಹತ್ತಿರ ಬಂದು, ನೆನಪಿಟ್ಟುಕೊಂಡು ಮಾಡಿದೆ. ಅದೂ ನನ್ನ ಮೇಲಲ್ಲ. ಅವಳ ಕೈ ಬಾತಿತ್ತಲ್ಲ, ಆಗಲಾದರೂ ಸಾಕೆನಿಸಲಿಲ್ಲವೇ?

ಸರಿಯಾದ ಟ್ಯಾಬ್ ಈಗ ತರಿಸಿದ್ದೇನೆ. ದಸರಾ ರಜೆಗೆ ಬಂದಾಗ ಕೊಡುತ್ತೇನೆ. ಎಲ್ಲ ಮತ್ತೆ ಸರಿಹೋಗುತ್ತದೆ. ನಿನ್ನ ಮುಖ ಮಾತ್ರ ನನಗೆ ತೋರಿಸಬೇಡ.

ಭಾನುಪ್ರಕಾಶ


ಮಕ್ತಲ
10 ಸೆಪ್ಟೆಂಬರ್ 2025

ಕರುಣಾ,

ನಿನಗೆ ಬರೆಯಲು ನನಗೆ ಮುಖವಿಲ್ಲ. ಬರೆಯದೆ ಇರಲೂ ಆಗುತ್ತಿಲ್ಲ.

ಶೇಖರ ಹೇಳಿದ್ದೆಲ್ಲ ನಿಜ. ನಿನ್ನ ಮೊದಲ ಮೂರು ಪ್ರಿಂಟ್ ಬಿಚ್ಚಿದ ದಿನವೇ ನನಗೆ ತಿಳಿಯಿತು, ಇದು ನನಗಿಂತ ದೊಡ್ಡ ಕೈ. ಆ ದರಿದ್ರ ಪೆನ್ನಿನಲ್ಲೂ ಸೀರೆಯ ತೂಕ ಬಂದಿತ್ತು. ಇಲ್ಲವೆಂದು ಬರೆದೆ. ನೀನು ನಂಬಿದೆ. ನಂಬುತ್ತೀ ಎಂದು ತಿಳಿದ ಮೇಲೆ ಬರೆಯುವುದು ಸುಲಭವಾಯಿತು. ನಿನ್ನ ಅಪ್ಪನನ್ನು ನೋಯಿಸುತ್ತಿದ್ದೇನೆ ಅಂದುಕೊಂಡಿದ್ದೆ. ಅವನಿಗೆ ಮಾತ್ರ ಏನೂ ಆಗಲಿಲ್ಲ. ಜೂನಿನಲ್ಲಿ ನೀನು ಕ್ಷಮೆ ಕೇಳಿ ಬರೆದ ಕಾಗದ ಬಂದಾಗ ನನ್ನ ಹೆಂಡತಿ ಹಣಮಮ್ಮನಿಗೆ ಓದಿ ಹೇಳಿದೆ. ಅವಳು ಅವತ್ತಿನಿಂದ ನನ್ನ ಸ್ಲೇಟು ಮುಟ್ಟಿಲ್ಲ. ಈ ಮನೆಯಲ್ಲಿ ಈಗ ನನ್ನ ಜೊತೆ ಮಾತಾಡುವವರಿಲ್ಲ.

ನಿನಗೆ ಎಲ್ಲ ಇದೆ. ಹತ್ತು ಜನರಿಗೆ ಹಂಚುವಷ್ಟಿದೆ. ಮತ್ತೆ ಬರೆ. ನಿನ್ನ ಹತ್ತಿರ ಬಂದು, ನಿನ್ನ ಮುಂದೆ ನಿಂತು ಹೇಳಬೇಕೆಂದರೆ ಬರುತ್ತೇನೆ.

ಖಂಡಪ್ಪ


ಗದ್ವಾಲ
28 ಸೆಪ್ಟೆಂಬರ್ 2025

ಖಂಡಪ್ಪನವರಿಗೆ,

ಬರಬೇಡಿ.

ದಸರಾ ರಜೆಗೆ ಬಂದ ದಿನ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ, "ಫಾರಂ ಯಾಕ ಕೊಡ್ಲಿಲ್ಲಪ್ಪಾ?" ಎಂದು. "ಹುಡುಗಾಟಿಕಿ ಇತ್ತವ್ವಾ ಆವಾಗ, ಮರ್ತೋತು" ಅಂದರು. ಮತ್ತೆ ಅಮ್ಮನಿಗೆ, "ಇನ್ನೊಂದೀಟು ಸಾರು ಹಾಕು" ಅಂದರು. ಇನ್ನೇನಾದರೂ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಅವರ ಮೇಲೆ ನನಗೆ ಬಂದ ಸಿಟ್ಟು ನಿಮಗಿದ್ದ ಸಿಟ್ಟೇ ಇರಬೇಕು. ಆದರೆ ಅವರು ನನ್ನ ಅಪ್ಪ, ನಾನು ಎಲ್ಲಿಗೆ ಹೋಗಲಿ?

ಹೊಸ ಟ್ಯಾಬ್ ಚೆನ್ನಾಗಿದೆ. ಶೇಖರಣ್ಣನೇ ಆರಿಸಿದ್ದಂತೆ. ಮೊದಲ ದಿನ ಅಪ್ಪ ಹಿಂದೆಯೇ ನಿಂತಿದ್ದರು. ಅಜ್ಜಿಯನ್ನೇ ಬರೆದೆ. ಸುಕ್ಕು ಸಣ್ಣಗೆ ಬಂತು, ಮಗ್ಗ ದಪ್ಪ ಬಂತು, ಅಂಗೈ ಊರಿದರೂ ಕಲೆಯಾಗಲಿಲ್ಲ. ನೋಡುತ್ತ ಕೂತೆ. ಏನೂ ಅನಿಸಲಿಲ್ಲ. ಯಾರೋ ಬರೆದದ್ದನ್ನು ನೋಡಿದ ಹಾಗಿತ್ತು. ಮೊದಲು ಒಂದು ಗೆರೆ ಎಳೆದರೆ ಮುಂದಿನದು ಎಲ್ಲಿ ಹೋಗಬೇಕೆಂದು ಕೈಗೇ ತಿಳಿಯುತ್ತಿತ್ತು. ಈಗ ಪ್ರತಿ ಗೆರೆಗೂ ನಿಲ್ಲುತ್ತೇನೆ, ತಪ್ಪೆಂದು ಯಾರೋ ಹೇಳಲಿ ಎಂದು ಕಾಯುತ್ತೇನೆ. ಯಾರೂ ಹೇಳುವುದಿಲ್ಲ, ಆದರೂ ತಪ್ಪೇ ಎನಿಸುತ್ತದೆ. ನನಗೆ ಎಲ್ಲ ಇದೆ ಎಂದು ನೀವು ಬರೆದಿದ್ದೀರಿ. ಇಲ್ಲವೆಂದು ಬರೆದದ್ದೂ ನೀವೇ, ಇದೇ ಅಕ್ಷರದಲ್ಲಿ. ನಾನು ಯಾವ ಕಾಗದವನ್ನು ನಂಬಬೇಕು?

"ಹೆಂಗೈತವ್ವಾ?" ಎಂದು ಅಪ್ಪ ಕೇಳಿದರು. "ಭಾಳ ಚೆಂದ ಐತಪ್ಪಾ" ಅಂದೆ. ಅವರ ಮುಖ ಅರಳಿತು. ಅಂಗಡಿಗೆ ಓಡಿ ಹೋಗಿ ಎಲ್ಲರಿಗೂ ಹೇಳಿದರಂತೆ, ನನ್ನ ಮಗಳು ಮತ್ತೆ ಶುರು ಮಾಡಿದಳೆಂದು. ವಾಣಿಶ್ರೀ ಅತ್ತೆಗೆ ಫೋನ್ ಮಾಡಿ ಹೈದರಾಬಾದಿನ ಮಾತೂ ಎತ್ತಿದ್ದಾರೆ. ನಾನು ಎಂಪಿಸಿಯಲ್ಲೇ ಇರುತ್ತೇನೆ. ಅದನ್ನು ಇನ್ನೂ ಅವರಿಗೆ ಹೇಳಿಲ್ಲ.

ದಿನಾ ಸಂಜೆ ಒಂದು ತಾಸು ಬಾಗಿಲು ಹಾಕಿಕೊಂಡು ಟ್ಯಾಬಿನ ಮುಂದೆ ಕೂರುತ್ತೇನೆ. ಹೊಸದೇನೂ ಬರೆಯುವುದಿಲ್ಲ. ಏಳನೆಯ, ಎಂಟನೆಯ ತರಗತಿಯಲ್ಲಿ ಬರೆದವುಗಳ ಫೋಟೋ ತೆಗೆದು, ಅವುಗಳ ಮೇಲೆಯೇ ಎಳೆದು, ಇವತ್ತಿನದೆಂದು ಅಪ್ಪನಿಗೆ ತೋರಿಸುತ್ತೇನೆ. ಅವರಿಗೆ ಗೊತ್ತಾಗುವುದಿಲ್ಲ. ಒಂದೊಂದನ್ನೂ ನೋಡಿ ಸಂತೋಷಪಡುತ್ತಾರೆ. ನಂಬುವವರಿಗೆ ಸುಳ್ಳು ಹೇಳುವುದು ಎಷ್ಟು ಸಲೀಸು ಎಂದು ನನಗೂ ಈಗ ತಿಳಿದಿದೆ.

ಇನ್ನು ಮೇಲೆ ಬರೆಯಬೇಡಿ. ಬಂದದ್ದನ್ನು ಒಡೆಯದೆ ಒಲೆಗೆ ಹಾಕುತ್ತೇನೆ.

ಇವತ್ತಿನ ಒಂದು ತಾಸು ಈ ಕಾಗದಕ್ಕೆ ಹೋಯಿತು. ಅಪ್ಪ ಹೊರಗಿನಿಂದ ಕೂಗುತ್ತಿದ್ದಾರೆ, "ಕರುಣಾ, ಮುಗೀತೇನವ್ವಾ ಚಿತ್ರಾ?" ಇನ್ನೊಂದೀಟು ಐತಪ್ಪಾ ಅಂದಿದ್ದೇನೆ.

ಕರುಣಾ